ಧಾರಾವಾಹಿಯ ವ್ಯಾಪಾರಿ, ಮಕ್ತಲ್‌ನ ತೊಟ್ಟಿಲು

ಆ ಇಂಗ್ಲಿಷ್ ಧಾರಾವಾಹಿಯ ನಾಯಕ ಹಳೆಯ ವಸ್ತುಗಳ ವ್ಯಾಪಾರಿ. ಆದರೆ ಅವನು ಒಮ್ಮೆಯೂ ಧೂಳು ಒರೆಸಿದ್ದನ್ನು ನಾನು ನೋಡಲಿಲ್ಲ. ನಾನೂ ಅದೇ ಕಸುಬಿನವನು. ನಾರಾಯಣಪೇಟೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಹಿತ್ತಾಳೆ ತಂಬಿಗೆ, ತಾಮ್ರದ ಹಂಡೆ, ಅಡಕೊತ್ತು, ಕುಂಕುಮದ ಭರಣಿ, ಬೀಳಿಸಿದ ಮನೆಗಳ ಕೆತ್ತನೆ ಬಾಗಿಲು, ಹೀಗೆ ಯಾರಿಗೂ ಬೇಡವಾದದ್ದನ್ನು ತಂದು ಬೇಕಾದವರಿಗೆ ಕೊಡುವುದು ನನ್ನ ಕೆಲಸ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನನ್ನ ಉಗುರಿನ ಸಂದಿ ಜೀವನಪೂರ್ತಿ ಕಪ್ಪಾಗಿಯೇ ಉಳಿಯಿತು. ಅವನ ಕೈ ಮಾತ್ರ ಆಗತಾನೇ ತೊಳೆದಂತೆ ಇರುತ್ತಿತ್ತು. ಹೂದಾನಿಯನ್ನು ಕುತ್ತಿಗೆ ಹಿಡಿದು ಎತ್ತುತ್ತಿದ್ದ. ನಮ್ಮ ಕಸುಬಿನವರು ಯಾರೂ ಹಾಗೆ ಎತ್ತುವುದಿಲ್ಲ. ಒಂದು ಕೈ ಬುಡಕ್ಕೆ ಕೊಟ್ಟೇ ಎತ್ತುತ್ತೇವೆ.

ಅದನ್ನು ನೋಡಿದ್ದು ಗದ್ವಾಲಿನಲ್ಲಿ, ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ದೊಡ್ಡ ಸಮ್ಮೆಯ, ಮುಷ್ಕರದ ದಿನಗಳಲ್ಲಿ. ಒಂದು ಹಳೆಯ ಮನೆಯ ಬಾಗಿಲು ನೋಡಲು ಹೋದವನು ಬಸ್ಸು ನಿಂತು ಅಲ್ಲಿಯೇ ಸಿಕ್ಕಿಬಿದ್ದೆ. ಕೋಟೆಯ ಹತ್ತಿರ ನನ್ನ ಸ್ನೇಹಿತರೊಬ್ಬರ ಮನೆಯಿತ್ತು. ನಿವೃತ್ತ ಇಂಗ್ಲಿಷ್ ಮಾಸ್ತರು, ಮಂತ್ರಾಲಯದ ಕಡೆಯ ವೈಷ್ಣವರ ಮನೆತನ. ಹಳೆಯ ಗೋಡೆ ಗಡಿಯಾರಗಳ ಹುಚ್ಚಿನಿಂದ ನನಗೆ ಪರಿಚಯವಾದವರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ನಾನು ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು, ಅವರು ಬಿ.ಎ. ಓದಿದವರು. ಆದರೂ ನನ್ನನ್ನು ‘ಸಾವ್ಕಾರ್ರ’ ಎಂದೇ ಕರೆಯುತ್ತಿದ್ದರು. ಆ ಕರೆಯಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

ಹೈದರಾಬಾದಿನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವ ಬೀದಿಯಲ್ಲಿ ಅವರಿಗೆ ಒಂದು ರಟ್ಟಿನ ಡಬ್ಬಿ ತುಂಬ ಡಿಸ್ಕುಗಳು ಸಿಕ್ಕಿದ್ದವು. ನಾವು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಟಿ.ವಿ.ಯಲ್ಲಿ ಬಂದ ಸಾಹಸದ ಧಾರಾವಾಹಿ. ಆಗ ನಮ್ಮೂರಿನಲ್ಲಿ ಟಿ.ವಿ. ಎಂದರೇನೆಂದೇ ಗೊತ್ತಿರಲಿಲ್ಲ. ಕಥೆಯ ವ್ಯಾಪಾರಿಗೆ ಲಂಡನ್ನಿನಲ್ಲಿ ದೊಡ್ಡ ಅಂಗಡಿ. ಹೊರಗೆ ಜನರ ಕಣ್ಣಿಗೆ ಅವನು ಹಳೆಯ ಕುರ್ಚಿ, ಚಿತ್ರ, ವಜ್ರದ ಹಾರ ಕೊಳ್ಳುವವನು, ಮಾರುವವನು. ಒಳಗೆ ಸರ್ಕಾರದ ಬೇಹುಗಾರ. ವ್ಯಾಪಾರದ ನೆಪದಲ್ಲಿ ಯಾವ ದೇಶಕ್ಕೆ ಬೇಕಾದರೂ ಹೋಗುತ್ತಿದ್ದ, ಯಾರ ಮನೆಯೊಳಗೆ ಬೇಕಾದರೂ ಕಾಲಿಡುತ್ತಿದ್ದ. ಒಂದು ಉದ್ದನೆಯ ಬೆಳ್ಳಿ ಬಣ್ಣದ ಕಾರು. ಕೋಟಿನ ಮೇಲೆ ಒಂದು ನೆರಿಗೆಯಿಲ್ಲ. ಹೊಡೆದಾಟ ಮುಗಿದ ಮೇಲೂ ತಲೆ ಬಾಚಿದಂತೆಯೇ ಇರುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಕರೆಂಟು ಬಂದರೆ ಐದರವರೆಗೆ ಇರುತ್ತಿತ್ತು. ಅಷ್ಟರಲ್ಲಿ ಎರಡು ಕಂತು. ಮಾಸ್ತರರು ಕಿಟಕಿಗೆ ದುಪ್ಪಟಿ ಕಟ್ಟಿ ಕತ್ತಲೆ ಮಾಡುತ್ತಿದ್ದರು. ಅವರ ಮನೆಯವರು ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ, ಹಸಿ ಉಳ್ಳಾಗಡ್ಡಿ ತಂದಿಡುತ್ತಿದ್ದರು. ಹೊರಗೆ ರಸ್ತೆಯಲ್ಲಿ ಜನ ಘೋಷಣೆ ಕೂಗುತ್ತ, ಡಪ್ಪು ಬಾರಿಸುತ್ತ ಹೋಗುತ್ತಿದ್ದರು. ಒಳಗೆ ನಮ್ಮವನು ಯಾವುದೋ ದೇಶದ ಸರ್ವಾಧಿಕಾರಿಯ ಮನೆಯ ಮೆಟ್ಟಿಲು ಇಳಿಯುತ್ತಿದ್ದ.

“ಸಾವ್ಕಾರ್ರ, ಈ ಮೆಟ್ಟಲ ನಿನ್ನಿ ಬ್ಯಾರೆ ದೇಶದಾಗಿತ್ತು, ನೋಡಿದ್ರಿಲ್ಲೊ?” ಎಂದರು ಮಾಸ್ತರರು ಒಂದು ದಿನ.

“ಅವರೂ ನಮ್ಮಂಗ ಮಾಸ್ತರ್ರ. ಹಳೇ ಸಾಮಾನಿಗೇ ಬಣ್ಣ ಹಚ್ಚಿ ತಿರುಗಿ ಇಡ್ತಾರ.”

ಅವರ ಮನೆಯವರು ಬಾಗಿಲಲ್ಲೇ ನಿಂತು, “ರಾಜ್ಯ ಬರೂದ್ರಾಗ ಈ ಮನುಷ್ಯಾ ಇನ್ನಾ ಎಷ್ಟು ಮಂದೀನ ಹೊಡೀತಾನಂತ ಕೇಳ್ರಿ. ಗಡಿಯಾರಕ್ಕ ಕೀಲಿ ಕೊಡೂದ ಮರ್ತು ಕುಂತಾರ ಇವರು” ಎಂದರು.

ಕೃಷ್ಣಾ ನದಿಯ ಆಚೆಗೆ, ನಮ್ಮೂರ ಕಡೆಗೆ ಹೋಗುವ ಜೀಪುಗಳು ಎರಡನೆಯ ದಿನವೇ ಸಿಗುತ್ತಿದ್ದವು. ನಾನು ಹೋಗಲಿಲ್ಲ. ಹೆಂಡತಿಗೆ ಫೋನಿನಲ್ಲಿ, “ಗಾಡಿ ಇಲ್ಲ, ಏನ್ ಮಾಡ್ಲಿ” ಎಂದೆ. ಒಂಬತ್ತು ದಿನ ಅಲ್ಲಿಯೇ ಇದ್ದೆ. ನನ್ನ ಬದುಕಿನಲ್ಲಿ ಕೆಲಸವಿಲ್ಲದೆ ಸುಮ್ಮನೆ ಕುಳಿತ ಒಂಬತ್ತು ದಿನ ಎಂದರೆ ಅವೇ. ಮಾತು ಪೂರ್ತಿ ತಿಳಿಯದಿದ್ದರೆ ಮಾಸ್ತರರು ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳುವುದರೊಳಗೆ ಪರದೆಯ ಮೇಲೆ ಇನ್ನಿಬ್ಬರು ಸತ್ತಿರುತ್ತಿದ್ದರು. ಇವತ್ತಿಗೂ ಉಳ್ಳಾಗಡ್ಡಿ ಹೆಚ್ಚುವ ವಾಸನೆ ಬಂದರೆ ಆ ಕತ್ತಲೆ ಮಾಡಿದ ಕೋಣೆ, ಆ ನೀಲಿ ಬೆಳಕು, ತೊಡೆಯ ಮೇಲೆ ತಾಳ ಹಾಕುವ ಮಾಸ್ತರರ ಕೈ ನೆನಪಾಗುತ್ತವೆ.

ನಾರಾಯಣಪೇಟೆಗೆ ಬಂದವನು ದರ್ಜಿಯ ಹತ್ತಿರ ಹೋಗಿ ಒಂದು ಕೋಟು ಹೊಲಿಸಿದೆ. ನಮ್ಮ ಬಿಸಿಲಿಗೆ ಅದು ಹುಚ್ಚೇ ಸರಿ. ಹೆಂಡತಿ ನೋಡಿ, “ಯಾರ ಮದಿವ್ಯಾಗ ಬ್ಯಾಂಡ್ ಬಾರಿಸಾಕ ಹೊಂಟೀರಿ?” ಎಂದಳು. ಕೋಟು ನಾಗೊಂದಿಗೆಯ ಮೇಲೆ ಉಳಿಯಿತು. ಆದರೆ ತಲೆಯೊಳಗೆ ಒಂದು ವಿಷಯ ಕುಳಿತುಬಿಟ್ಟಿತು: ಇಷ್ಟು ವರ್ಷ ನಾನು ಮನೆಯ ಹೊರಗೆ ನಿಂತು ‘ಹಳೇ ಪಾತ್ರಿ, ಹಿತ್ತಾಳಿ’ ಎಂದು ಕೂಗುತ್ತಿದ್ದೆ. ಅವನು ಕೂಗುವುದಿಲ್ಲ. ಅವನು ಬೇರೆ ಯಾರೋ ಆಗಿ ಒಳಗೆ ಹೋಗುತ್ತಾನೆ.

ಕೊನೆಗೂ ರಾಜ್ಯ ಬಂದಿತು. ಆ ವಾರ ಊರೂರಿನಲ್ಲಿ ಪಟಾಕಿ, ಗುಲಾಬಿ ಬಣ್ಣ. ನಾನು ಮಕ್ತಲ್‌ಗೆ ಹೋಗಿದ್ದೆ. ಒಂದು ಓಣಿಯಲ್ಲಿ ಹೋಗುವಾಗ ತೆರೆದ ಬಾಗಿಲೊಳಗೆ, ಪಡಸಾಲೆಯ ತೊಲೆಗೆ ತೂಗುಹಾಕಿದ ತೊಟ್ಟಿಲೊಂದು ಕಂಡಿತು. ಸಾಗವಾನಿ ಕಟ್ಟಿಗೆ. ಕೆಂಪು ಹಸಿರು ಅರಗಿನ ಬಣ್ಣ. ಪಕ್ಕದ ಹಲಗೆಗಳ ಮೇಲೆ ಗಿಳಿಗಳ ಸಾಲು. ಕೆಳಗಿನ ಪಟ್ಟಿಯ ಮೇಲೆ ಸಣ್ಣ ಹಿತ್ತಾಳೆ ಮೊಳೆಗಳು ಸಾಲಾಗಿ ಹೊಳೆಯುತ್ತಿದ್ದವು. ಹೈದರಾಬಾದಿನ ಒಬ್ಬ ವ್ಯಾಪಾರಿ ನನ್ನ ಹತ್ತಿರ ಇಂಥದ್ದನ್ನೇ ಎರಡು ವರ್ಷದಿಂದ ಕೇಳುತ್ತಿದ್ದ.

ಓಣಿಯ ತುದಿಯ ಚಹಾ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ನಕ್ಕ. “ಅದನ್ನ ಮಾರಂಗಿಲ್ಲ ಬಿಡ್ರಿ. ಅದು ಅವರದೂ ಅಲ್ಲ, ಓಣಿದು. ಯಾರ ಮನ್ಯಾಗ ಕೂಸು ಹುಟ್ಟತೈತಿ ಅವರು ಸಕ್ರಿ ಒಯ್ದು ಕೇಳ್ತಾರ. ಆ ಮನಿ ಅಜ್ಜಿ ಕೂಸಿನ ಹೆಸರಲೆ ಒಂದು ಮೊಳಿ ಹೊಡ್ದು ಕೊಡ್ತಾಳ. ಕೂಸು ನಡ್ಯಾಕ ಹತ್ತಿದ್ರ ತಂದು ಕಟ್ಟತಾರ. ನನ್ನ ಮೊಳೀನೂ ಐತಿ ಅದ್ರಾಗ.”

“ಹೊರಗಿನವರು ಕೇಳಿದ್ರ?”

“ಕೂಸಿಗಂತ ಕೇಳಿದವ್ರನ್ನ ಇಲ್ಲ ಅಂದು ಕಳಸ್ತಾರೇನ್ರಿ?”

ಇದನ್ನು ಅವನು ಕಪ್ಪು ತೊಳೆಯುತ್ತ ಹೇಳಿದ. ಅಷ್ಟು ಸಾಕಾಯಿತು ನನಗೆ.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ತಕ್ಕಡಿ, ಗೋಣಿಚೀಲ ಯಾವುದೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಧೋತರ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಸಕ್ಕರೆ ಪುಡಿಕೆ, ಪೇಡೆಯ ಡಬ್ಬಿ. ಚಹಾ ಅಂಗಡಿಯವನ ಕಣ್ಣಿಗೆ ಬೀಳದಂತೆ ಹಿಂದಿನ ದಾರಿಯಿಂದ ಓಣಿ ಹೊಕ್ಕೆ. ಹೆಜ್ಜೆ ಹಾಕುವಾಗ ಪರದೆಯ ಮೇಲಿನ ಸಂಗೀತ ಕಿವಿಯಲ್ಲಿ ಕೇಳುತ್ತಿತ್ತು. ನಾಚಿಕೆ ಆಗಲಿಲ್ಲ. ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮನೆಯ ಹಿರಿಯಾಕೆ ಎಪ್ಪತ್ತು ದಾಟಿದವಳು, ಹಣೆಯ ತುಂಬ ವಿಭೂತಿ. ಹೊಲಮನೆ ನೋಡಿಕೊಳ್ಳುವ ಮಗ, ಸೊಸೆ, ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಇದ್ದ ತುಂಬಿದ ಮನೆ. ನಾನು ಸಕ್ಕರೆ ಮುಂದಿಟ್ಟು, “ಅಕ್ಕಾರ, ಮಗಳು ಹಡದಾಳ. ಗಂಡು ಕೂಸು. ರಾಜ್ಯ ಬಂದ ದಿನಾನ ಹುಟ್ಯಾನ. ತೊಟ್ಟಲ ಕೇಳಾಕ ಬಂದೀನಿ” ಎಂದೆ.

ಆಕೆ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಂಡಳು. “ಕೂಸಿನ ಕಿವಿ ಹೆಂಗದಾವ?”

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. “ಸಣ್ಣವ್ರಿ. ನನ್ನಂಗ ಅಗಲ ಇಲ್ಲ” ಎಂದೆ. ಆಕೆ ನಕ್ಕಳು. ಬಾಣಂತಿಗೆ ಏನೇನು ಕೊಡಬೇಕು, ಯಾವುದು ಕೊಡಬಾರದು ಎಂದು ಹೇಳಿದಳು. ಮೊಮ್ಮಗಳನ್ನು ಕರೆದು ಸುತ್ತಿಗೆ ತರಿಸಿ ಸಾಲಿನ ಕೊನೆಗೆ ಒಂದು ಹೊಸ ಮೊಳೆ ಹೊಡೆಸಿದಳು. ತೊಟ್ಟಿಲನ್ನು ಬರಿದಾಗಿ ಹೊರಗೆ ಕಳಿಸಬಾರದೆಂದು ಅದರೊಳಗೆ ಒಂದು ಹಿಡಿ ಅಕ್ಕಿ, ತೆಂಗಿನಕಾಯಿ ಇಟ್ಟಳು. ಮಗ ಆಟೋ ಕರೆಸಿ, ತಾನೇ ಹಗ್ಗ ಬಿಗಿದು ಕಟ್ಟಿದ.

ನನಗೆ ಒಬ್ಬಳೇ ಮಗಳು. ರಾಯಚೂರಿನಲ್ಲಿ ಇದ್ದಾಳೆ. ಮದುವೆಯಾಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ತೊಟ್ಟಿಲು ಮೂರನೆಯ ದಿನ ಹೈದರಾಬಾದಿಗೆ ಹೋಯಿತು. ಆ ವ್ಯಾಪಾರಿಗೆ ಮೊಳೆಗಳ ಸಾಲು ಬಹಳ ಹಿಡಿಸಿತು. “ಡಿಜೈನ್ ಬಹುತ್ ಅಚ್ಛಾ ಹೈ” ಎಂದ. ನಾನು ದುಡ್ಡು ಎಣಿಸಿಕೊಂಡೆ.

ಗದ್ವಾಲಿಗೆ ಹೋದಾಗ ಮಾಸ್ತರರ ಮುಂದೆ ಇದನ್ನೆಲ್ಲ ಹೇಳಿದೆ, ಒಂದು ಕಂತಿನ ಹಾಗೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಅವರು ನಗುತ್ತಾರೆಂದುಕೊಂಡಿದ್ದೆ. ಅವರು ರಿಮೋಟನ್ನು ಕೈಯಲ್ಲಿ ತಿರುವುತ್ತ ಕುಳಿತರು.

“ಸಾವ್ಕಾರ್ರ, ಆ ಮನುಷ್ಯಾ ಕಳ್ಳರ ಮುಂದ ಸುಳ್ಳು ಹೇಳ್ತಾನ. ನೀವು ಯಾರ ಮುಂದ ಹೇಳಿ ಬಂದ್ರಿ?”

“ವ್ಯಾಪಾರ ಮಾಸ್ತರ್ರ.”

“ವ್ಯಾಪಾರದಾಗ ಆಕಿಗೆ ಏನ ಕೊಟ್ರಿ?”

ಕೊಟ್ಟದ್ದು ಒಂದು ಪುಡಿಕೆ ಸಕ್ಕರೆ, ಒಂದು ಡಬ್ಬಿ ಪೇಡೆ. ಅವತ್ತು ಕರೆಂಟು ಇತ್ತು, ಡಬ್ಬಿಯಲ್ಲಿ ನೋಡದ ಡಿಸ್ಕುಗಳೂ ಇದ್ದವು. ಅವರು ಹಚ್ಚಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಹೋದೆ. ಗಡಿಯಾರದ ಮಾತಾಡಿದೆವು, ಬಿಸಿಲಿನ ಮಾತಾಡಿದೆವು. ಆ ಧಾರಾವಾಹಿಯ ಮಾತು ಇಬ್ಬರೂ ಎತ್ತಲಿಲ್ಲ. ಮಾಸ್ತರರು ಈಗಿಲ್ಲ. ಅದರಲ್ಲಿ ಕೊನೆಗೆ ಏನಾಯಿತೋ ನನಗೆ ತಿಳಿಯದು.

ಮಕ್ತಲ್ ಕಡೆ ಇನ್ನು ಕಾಲಿಡಬಾರದು ಎಂದುಕೊಂಡಿದ್ದೆ. ಆದರೆ ತೊಟ್ಟಿಲು ತಂದ ಆರು ತಿಂಗಳ ಮೇಲೆ ಒಂದು ಶನಿವಾರ, ಅಲ್ಲಿ ಬಸ್ಸು ಬದಲಿಸಲು ಕಾಯುತ್ತಿದ್ದಾಗ ಹಣಮಪ್ಪನ ಗುಡಿಯಿಂದ ಬರುತ್ತಿದ್ದ ಅಜ್ಜಿ ನನ್ನನ್ನು ಗುರುತು ಹಿಡಿದಳು.

“ತಮ್ಮಾ, ನಮ್ಮ ಕೂಸು ಹೆಂಗೈತೋ? ಹಲ್ಲು ಬಂತೇನು?”

‘ನಮ್ಮ ಕೂಸು’ ಎಂದಳು. ಬಂದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. “ಎರಡು ಬಂದಾವ್ರಿ, ಕೆಳಗಿನವು” ಎಂದೆ. ಆಕೆಯ ಮುಖ ಅರಳಿದ್ದನ್ನು ನೋಡಿ, “ಬಾಳ ಕಚ್ಚತಾನ” ಎಂದೂ ಸೇರಿಸಿದೆ. ಅಜ್ಜಿ ನನ್ನನ್ನು ಬಸ್ಸು ಹತ್ತಲು ಬಿಡಲಿಲ್ಲ. ಮನೆಗೆ ಕರೆದೊಯ್ದು, ತಾನೇ ಕೈಯಿಂದ ಹೊಲಿದ ಹಳದಿ ಅಂಗಿಯೊಂದನ್ನು ಕೊಟ್ಟಳು. ತೊಟ್ಟಿಲು ಒಯ್ದ ಪ್ರತಿ ಮಗುವಿಗೂ ಐದು ವರ್ಷದವರೆಗೆ ವರ್ಷಕ್ಕೊಂದು ಅಂಗಿ ಕೊಡುವುದು ಆ ಮನೆಯ ಪದ್ಧತಿಯಂತೆ.

ಆಮೇಲಿನದು ಹೇಳುವುದು ಕಷ್ಟ. ತೊಟ್ಟಿಲು ತಂದದ್ದು ಒಂದು ದಿನದ ಮೋಸ. ಇದು ಐದು ವರ್ಷ ನಡೆಯಿತು. ಎರಡು ತಿಂಗಳಿಗೊಮ್ಮೆ ನಾನಾಗಿಯೇ ಹೋಗತೊಡಗಿದೆ. ಯಾವ ಸಾಮಾನೂ ನೋಡಲು ಅಲ್ಲ. ಆ ಪಡಸಾಲೆಯಲ್ಲಿ ಕುಳಿತು ಮೊಮ್ಮಗನ ಸುದ್ದಿ ಹೇಳಲು. ಅವನು ಗೋಡೆ ಹಿಡಿದು ನಿಂತ. ತಂಬಿಗೆಯೊಳಗೆ ಕೈ ಹಾಕಿ ಸಿಕ್ಕಿಸಿಕೊಂಡ. ನನ್ನ ಕನ್ನಡಕ ಹಾಕಿಕೊಂಡು ಬಿದ್ದ. ತೆಲುಗು ಮಾತಾಡುವ ಪಕ್ಕದ ಮನೆಯವರಿಂದ ‘ಬಾ, ಬಾ’ ಎನ್ನಲು ‘ದಾ, ದಾ’ ಎನ್ನುವುದನ್ನು ಕಲಿತು ನಾಯಿಯನ್ನೂ ಹಾಗೇ ಕರೆದ. ಒಮ್ಮೆ ಮಾತು ಸಾಲದೆ ಜ್ವರ ಬಂದಿದೆ ಎಂದುಬಿಟ್ಟೆ. ಬಸ್ಸಿನಲ್ಲಿ ಕುಳಿತು ಮುಂದಿನ ಸಲಕ್ಕೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ನಾರಾಯಣಪೇಟೆಯಿಂದ ಮಕ್ತಲ್‌ವರೆಗಿನ ಆ ರಸ್ತೆ, ಎರಡೂ ಕಡೆ ತೊಗರಿ ಹೊಲ, ಬೆಳಗಿನ ಬಿಸಿಲು. ಅಷ್ಟು ಸಂತೋಷದಿಂದ ನಾನು ಯಾವ ಊರಿಗೂ ಹೋದವನಲ್ಲ. ಅಂಗಿಗಳನ್ನು ಅಂಗಡಿಯ ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿ ಇಡುತ್ತಿದ್ದೆ. ಪ್ರತಿ ವರ್ಷ ಒಂದು ಗೇಣು ದೊಡ್ಡದು.

“ಒಮ್ಮೆ ಕರ್ಕೊಂಡು ಬಾರೋ” ಎನ್ನುತ್ತಿದ್ದಳು ಅಜ್ಜಿ. ನಾನು ಬಿಸಿಲು, ಶಾಲೆ, ಅಳಿಯನ ರಜೆ, ಏನಾದರೊಂದು ಹೇಳುತ್ತಿದ್ದೆ. ನಡುವೆ ಓಣಿಯಲ್ಲಿ ಎರಡು ಮಕ್ಕಳು ಹುಟ್ಟಿದವು. ಅವರು ಪೇಟೆಯ ಸ್ಟೀಲಿನ ತೊಟ್ಟಿಲು ತಂದುಕೊಂಡರು. “ನಿನ್ನ ಮಗಳಿಗೆ ಇನ್ನೊಂದಾಗ್ಲಿ, ಇರ್ಲಿ ಬಿಡು ಅಲ್ಲೇ” ಎಂದು ಅಜ್ಜಿ ತಾನಾಗಿಯೇ ಹೇಳಿದಳು.

ನಾರಾಯಣಪೇಟೆ ಜಿಲ್ಲೆಯಾಗುವ ಹೊತ್ತಿಗೆ ಅಜ್ಜಿಯ ಮೊಮ್ಮಗಳ ಮದುವೆಯೂ ಆಗಿತ್ತು. ಆ ವರ್ಷ ಅವಳು ಹಡೆಯಲು ತವರಿಗೆ ಬಂದಿದ್ದಳು. ನಾನು ಹೋದ ತಕ್ಷಣ ಅಜ್ಜಿ, “ಬಾರಪ್ಪಾ ಜಿಲ್ಲಾದವನ” ಎಂದು ಚೇಷ್ಟೆ ಮಾಡಿದಳು. ಆಮೇಲೆ ದನಿ ತಗ್ಗಿಸಿ, “ಇಕಿಗೆ ಏಳು ತಿಂಗಳ. ಬರೂ ತಿಂಗಳ ತೊಟ್ಟಲ ತಂದು ಕಟ್ಟಿಬಿಡು. ಇಕಿ ಅಪ್ಪನೂ ಅದ್ರಾಗ, ಇಕೀನೂ ಅದ್ರಾಗ. ಇಕಿ ಕೂಸೂ ಅದ್ರಾಗ ಮಲಗಬೇಕು, ನಾ ಕಣ್ಣಾರೆ ನೋಡಬೇಕು. ಬರೂವಾಗ ಹುಡುಗನ್ನೂ ಕರ್ಕೊಂಡು ಬಾ. ಅವನ ಕೈಲೆ ಕೊಡಸಬೇಕು” ಎಂದಳು.

ಹೈದರಾಬಾದಿಗೆ ಹೋದೆ. ಆ ವ್ಯಾಪಾರಿ ಕುರ್ಚಿ ಕೊಟ್ಟು ಕೂರಿಸಿದ, ಚಹಾ ತರಿಸಿದ. ತೊಟ್ಟಿಲು ತೊಟ್ಟಿಲಾಗಿ ಹೋಗಲಿಲ್ಲವಂತೆ. ಗಿಳಿಯ ಹಲಗೆಗಳು ಒಬ್ಬರ ಗೋಡೆಗೆ, ಮೂಲೆಗಳ ಕೆತ್ತನೆ ಕೋಲುಗಳು ದೀಪದ ಕಂಬಗಳಾಗಿ ಇನ್ನೊಬ್ಬರಿಗೆ, ಮೊಳೆಯ ಪಟ್ಟಿ ಕನ್ನಡಿಯ ಚೌಕಟ್ಟಿಗೆ. “ಅಬ್ ಕಹಾಂ ಮಿಲ್ತಾ ಚಾಚಾ” ಎಂದ. ಅವನ ತಪ್ಪೇನೂ ಇಲ್ಲ. ಅವನು ಕೊಂಡ ವಸ್ತು.

ಮನೆಗೆ ಬಂದು ಮೊದಲ ಸಲ ಹೆಂಡತಿಗೆ ಹೇಳಿದೆ. ಪೂರ್ತಿ ಹೇಳಿದೆ, ಟ್ರಂಕು ತಂದು ತೆರೆದೂ ತೋರಿಸಿದೆ. ಅವಳು ಅಂಗಿಗಳನ್ನು ಮುಟ್ಟಲಿಲ್ಲ.

“ಈಗ ಏನ್ ಹೇಳಾಕ ಹೊಂಟೀರಿ ಆಕಿಗೆ?”

“ಮನಿಗೆ ಬೆಂಕಿ ಬಿತ್ತು, ತೊಟ್ಟಲ ಸುಟ್ಟಿತು ಅಂತೀನಿ.”

“ಕೂಸಿನ್ನ ಕರ್ಕೊಂಡು ಬಾ ಅಂದಾಳಲ್ಲ?”

ನಾನು ತಡೆದು ತಡೆದು, “ಆ ಬೆಂಕ್ಯಾಗನ...” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ನನ್ನ ಮಗಳ ಹೊಟ್ಟ್ಯಾಗ ಹುಟ್ಟಲಾರದ್ದನ್ನ ಓಣ್ಯಾಗ ನಿಂತು ಹುಟ್ಟಿಸಿದ್ರಿ. ಈಗ ಕೊಲ್ಲಾಕ ಹೊಂಟೀರೇನು?”

ಮೂರನೆಯ ದಿನ ಅಂಗಿಗಳನ್ನು ಮಡಿಚಿ ಒಂದು ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿ, ನಾನು ಹೊರಡುವ ಬಾಗಿಲಲ್ಲಿ ಇಟ್ಟಳು.

ಮಕ್ತಲ್‌ಗೆ ಹೋಗಿ ಪಡಸಾಲೆಯಲ್ಲಿ ಕುಳಿತಾಗ ಬೆಳಗಿನ ಹತ್ತು ಗಂಟೆ. ಅಜ್ಜಿ ಕಡ್ಲಿ ಹಸನು ಮಾಡುತ್ತಿದ್ದಳು. ಬಾಗಿಲ ಕಡೆ ನೋಡಿ, “ತೊಟ್ಟಲ ಆಟೋದಾಗ ಐತೇನು? ಹುಡುಗ ಎಲ್ಲಿ?” ಎಂದಳು.

“ಅಕ್ಕಾರ, ತೊಟ್ಟಲ ಇಲ್ರಿ. ನಾ ಮಾರೀನಿ. ಒಯ್ದ ಮೂರನೇ ದಿನಾನ ಮಾರೀನಿ. ನಾ ಹಳೇ ಸಾಮಾನಿನ ವ್ಯಾಪಾರಿ. ಹುಡುಗನೂ ಇಲ್ಲ. ಹುಟ್ಟೇ ಇಲ್ಲ. ಎಲ್ಲಾ ನಾ ಕಟ್ಟಿ ಹೇಳಿದ್ದು.”

ಮೊರದ ಮೇಲೆ ಆಡುತ್ತಿದ್ದ ಕೈ ನಿಂತಿತು. ಮೊಮ್ಮಗಳು ಒಳಗಿನಿಂದ ಯಾವಾಗಲಿನ ಹಾಗೆ ನೀರಿನ ತಂಬಿಗೆ ತಂದವಳು ಬಾಗಿಲಲ್ಲೇ ನಿಂತಳು.

“ನೀರ ಕೊಡು ಅವಗ” ಎಂದಳು ಅಜ್ಜಿ. “ನೀರು ಏನ್ ಮಾಡೇತಿ.”

ನಾನು ನೀರು ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಒಂದೊಂದೇ ಕೇಳಿದಳು.

“ಹಲ್ಲು ಬಂದಾವಂದಿ.”

“ಇಲ್ರಿ.”

“ತಂಬಿಗ್ಯಾಗ ಕೈ ಸಿಕ್ಕೊಂಡಿದ್ದು?”

“ಇಲ್ರಿ.”

“ಜ್ವರ ಬಂದಿದ್ದು? ಐದು ಶನಿವಾರ ಹಣಮಪ್ಪಗ ಎಣ್ಣಿ ಹಾಕೀನಿ ನಾ.”

“ಸುಳ್ಳ್ರಿ ಅಕ್ಕಾರ.”

“ನಾಯಿಗೆ ದಾ ದಾ ಅಂತಿದ್ನಲ್ಲ?” ಇದನ್ನು ಕೇಳುವಾಗ ಆಕೆಯ ದನಿ ಸ್ವಲ್ಪ ಬೇರೆಯಾಯಿತು. ಅದೊಂದಾದರೂ ನಿಜವಿರಲಿ ಎನ್ನುವಂತೆ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಮಗಳು?”

“ಮಗಳು ಅದಾಳ್ರಿ. ರಾಯಚೂರಾಗ. ಹದಿನಾರು ವರ್ಷ ಆತು ಮದಿವಿ ಆಗಿ. ಮಕ್ಕಳಾಗಿಲ್ಲ.”

ಅಜ್ಜಿ ಮತ್ತೆ ಕಡ್ಲಿಯಲ್ಲಿ ಕೈಯಾಡಿಸಿದಳು. ನಾಲ್ಕು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಗಂಟು ಬಿಚ್ಚಿ ಅಂಗಿಗಳನ್ನು ಮುಂದಿಟ್ಟೆ. ಆಕೆ ಒಂದನ್ನು ಎತ್ತಿ, ಕಂಕುಳ ಹೊಲಿಗೆಯನ್ನು ಬೆರಳಿನಿಂದ ನೋಡಿ, ಕೆಳಗಿಟ್ಟಳು.

“ಯಾರೂ ತೊಟ್ಟಿಲ್ಲ ಇವನ್ನ. ಹುಟ್ಟಿದ ಕೂಸಿಗೆ ಮೊದಲ ಯಾರರ ತೊಟ್ಟು ಬಿಟ್ಟ ಅರಿವೀನ ಹಾಕಬೇಕು. ಇವು ನಮಗ ಬರಂಗಿಲ್ಲ. ನಿನ್ನ ಮಗಳ ಕಣ್ಣಿಗೂ ಬೀಳಿಸಬ್ಯಾಡ. ಮೂಲ್ಯಾಗ ಅಂಗನವಾಡಿ ಐತಿ, ಕೊಟ್ಟು ಹೋಗು.”

“ಅಕ್ಕಾರ, ತಪ್ಪಾತು. ಹೊಸಾದು ಮಾಡಿಸಿ ಕೊಡ್ತೀನಿ. ಅಂಥಾದ್ದ.”

“ನನಗ್ಯಾಕ ಹೇಳ್ತಿ ತಪ್ಪಾತಂತ? ತೊಟ್ಟಲ ನಂದೇನು? ನಾ ಕಾಯಾಕಿ ಇದ್ದೆ ಅಷ್ಟ. ಓಣ್ಯಾಗ ಹದಿನಾಲ್ಕು ಮನಿ ಅದಾವ. ಹೋಗಿ ಒಂದೊಂದು ಮನಿಗೂ ಹೇಳು. ನೀನ ಹೇಳು. ನಾ ಮಾತ್ರ ಹೇಳಾಕಿ ಅಲ್ಲ.”

ಹೋದೆ. ಮೊದಲ ಮನೆಯಲ್ಲಿ ಒಬ್ಬ ಯಜಮಾನ ನನ್ನನ್ನು ಕೂರಿಸಿ ಪೂರ್ತಿ ಕೇಳಿ, “ಎದ್ದು ಹೋಗ್ರಿ ಇಲ್ಲಿಂದ” ಎಂದ. ಎರಡನೆಯ ಮನೆಯಲ್ಲಿ ಗಂಡಸರು ಹೊಲಕ್ಕೆ ಹೋಗಿದ್ದರು. ಹೆಣ್ಣುಮಗಳೊಬ್ಬಳು ಕೇಳುತ್ತ ಕೇಳುತ್ತ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತಳು. ಅವಳ ಒಂದು ಮಗು ಆ ತೊಟ್ಟಿಲಿನಲ್ಲಿದ್ದಾಗಲೇ ತೀರಿಕೊಂಡಿತ್ತಂತೆ. “ಅದರದ ಅಂತ ಇದ್ದದ್ದು ಆ ಒಂದು ಮೊಳೀರಿ” ಎಂದಳು. ಆ ಮನೆಯಿಂದ ಮೂರನೆಯ ಮನೆಗೆ ಹೋಗಲು ನನಗೆ ಕಾಲು ಗಂಟೆ ಹಿಡಿಯಿತು. ದೂರ ಇಪ್ಪತ್ತು ಹೆಜ್ಜೆ.

ಐದನೆಯ ಮನೆ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಹೋಗುತ್ತಿತ್ತು. ಜನ ಬಾಗಿಲಲ್ಲಿ ನಿಂತಿರುತ್ತಿದ್ದರು. ಗೊತ್ತಿದ್ದರೂ ನನ್ನ ಬಾಯಿಂದಲೇ ಕೇಳಿದರು. ಒಂದು ಮನೆಯ ಹುಡುಗರು ನಕ್ಕರು. ಒಬ್ಬ ಮುದುಕ, “ಬಣ್ಣದ ನಾಟಕದಾಗ ಸೇರಬೇಕಿತ್ತು ನೀವು, ನಮ್ಮ ಓಣಿಗೆ ಯಾಕ ಬಂದ್ರಿ?” ಎಂದ. ಚಹಾ ಅಂಗಡಿಯವನ ಮನೆಯೂ ಅದರಲ್ಲೇ ಇತ್ತು. ನನಗೆ ದಾರಿ ತೋರಿಸಿದ ಮಾತು ತನ್ನದೇ ಎಂದು ಅವನಿಗೆ ಅರ್ಥವಾಗಿತ್ತು. ತಪ್ಪು ಮಾಡಿದವನಂತೆ ಅವನೇ ತಲೆ ತಗ್ಗಿಸಿದ. ಅವತ್ತಿನ ಎಲ್ಲ ಮಾತುಗಳಿಗಿಂತ ಅದು ಹೆಚ್ಚು ನಾಟಿತು.

ಹದಿಮೂರು ಮನೆ ಮುಗಿಸಿ, ಅಂಗನವಾಡಿಯಲ್ಲಿ ಗಂಟು ಕೊಟ್ಟು, ಅಜ್ಜಿಯ ಮನೆಗೆ ಬಂದೆ. “ಹೇಳಿ ಬಂದೀನ್ರಿ” ಎಂದೆ.

“ಹದಿಮೂರು ಆದ್ವು. ಇದು ಹದಿನಾಲ್ಕನೇದು. ತೊಟ್ಟಲದಾಗ ಕೂಸು ಹಾಕಬೇಕಾದಾಕಿ ಆಕಿ. ಆಕಿಗೆ ಹೇಳು.”

ಮೊಮ್ಮಗಳು ಕಂಬಕ್ಕೆ ಒರಗಿ ಕುಳಿತಿದ್ದಳು. ಐದು ವರ್ಷದ ಹಿಂದೆ ಆ ಮೊಳೆ ಹೊಡೆದವಳು ಅವಳೇ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಹದಿಮೂರು ಸಲ ಹೇಳಿದ ಮಾತು ಅವಳ ಮುಂದೆ ಹೊಸದಾಗಿ ತೊದಲಿತು.

“ಕೇಳೀನ್ರಿ ಅಜ್ಜಾ, ಸಾಕು” ಎಂದಳು. “ನಾ ಅವ್ನಿಗೆ ರಾಖಿ ಕಟ್ಟಬೇಕಂತ ಮಾಡಿದ್ದೆ.” ಆಮೇಲೆ ನೆಲಕ್ಕೆ ಕೈ ಊರಿ ಎದ್ದು ಒಳಗೆ ಹೋದಳು.

ಅಜ್ಜಿ ನನ್ನನ್ನು ಮತ್ತೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಬಡಗಿಯ ಹತ್ತಿರ ಮಾಡಿಸುತ್ತೇನೆಂದ ತೊಟ್ಟಿಲಿಗೆ ಉತ್ತರವೇ ಕೊಡಲಿಲ್ಲ. ಮಾಡಿಸಬೇಕೆಂದು ಎರಡು ಸಲ ಬಡಗಿಯ ಮನೆಯವರೆಗೆ ಹೋಗಿ ಬಂದೆ. ಮಾಡಿಸಿದರೆ ಅದನ್ನು ಯಾವ ಮುಖದಿಂದ ಒಯ್ಯಲಿ? ಸುಮ್ಮನಾದೆ.

ಒಂದು ಮಾತು ಉಳಿದಿದೆ. ನಿಜ ಹೇಳಿದ ಮೇಲೆ ಮನಸ್ಸು ಹಗುರಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಹುಡುಗನಿಲ್ಲದೆ ನನಗೆ ಬಹಳ ದಿನ ಬೇಸರವಾಯಿತು. ಬಸ್ಸಿನಲ್ಲಿ ಕುಳಿತರೆ ಅಭ್ಯಾಸಬಲದಿಂದ ಅವನ ತುಂಟತನವೊಂದು ತಲೆಗೆ ಬರುತ್ತಿತ್ತು. ಹೇಳಲು ಯಾರೂ ಇರಲಿಲ್ಲ. ಹೆಂಡತಿಗೆ ಅದು ಗೊತ್ತಾಗುತ್ತಿತ್ತೋ ಏನೋ, ಅಂಥ ದಿನ ತಾನಾಗಿಯೇ ಮಗಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಡುತ್ತಿದ್ದಳು. ಮಗಳಿಗೆ ಇದಾವುದನ್ನೂ ನಾನು ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಓದಿದರೆ ಅವಳು ಏನನ್ನುತ್ತಾಳೋ ಅದನ್ನೂ ಕೇಳಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಕೆಲಸಕ್ಕೆ ಮಕ್ತಲ್ ಮೇಲೆ ರಾಯಚೂರಿಗೆ ಹೋಗಬೇಕಾಯಿತು. ಬಸ್ಸು ಬದಲಿಸಲು ಇಳಿದಾಗ ಎದುರಿಗೆ ಚಹಾ ಅಂಗಡಿಯವನು ಹಾಲಿನ ಕ್ಯಾನು ಹಿಡಿದು ನಿಂತಿದ್ದ. ಕ್ಷಣ ಹೊತ್ತು ಅನುಮಾನಿಸಿ ಹತ್ತಿರ ಬಂದ.

“ಅಜ್ಜಿ ಮೊಮ್ಮಗಳು ಹಡದ್ಲರಿ. ಹನ್ನೆರಡು ದಿನ ಆತು. ಅಜ್ಜಿ ತನ್ನ ಸೀರೀನ ತೊಲಿಗೆ ಜೋಲಿ ಕಟ್ಟ್ಯಾಳ. ಓಣಿ ಮಂದಿ ಎಲ್ಲಾ ಹೋಗಿ ಒಂದೊಂದು ಸಲ ತೂಗಿ ಬಂದಾರ.”

“ಛಲೋ ಆತು” ಎಂದೆ.

“ಕೂಸು ಹೆಂಗೈತಿ ಅಂದ್ರ...” ಎಂದು ಅವನು ಶುರು ಮಾಡಿದ. ಗಂಡೋ ಹೆಣ್ಣೋ, ಯಾರನ್ನು ಹೋಲುತ್ತದೆಯೋ, ಕಿವಿ ಹೇಗಿವೆಯೋ, ಎಲ್ಲವನ್ನೂ ಹೇಳುವವನಿದ್ದ. ಕೇಳಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ಹೇಳಲಾರೆ. ಅದು ನನಗೆ ಸಲ್ಲುವ ಸುದ್ದಿಯಲ್ಲ ಎನಿಸಿ ನಾನು ಕೈ ಅಡ್ಡ ಮಾಡಿ ಅವನ ಮಾತು ನಿಲ್ಲಿಸಿದೆ. ರಾಯಚೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಆದರೂ ಚೀಲ ಹೆಗಲಿಗೆ ಹಾಕಿಕೊಂಡು ಅದು ನಿಲ್ಲುವ ಕಡೆಗೆ ನಡೆದೆ.